ಸ್ತನದಲ್ಲಿ ಸಿಲಿಕೋನ್ ಚೀಲವಿರಿಸಿದ ತರುವಾಯ ಸ್ತನ್ಯಪಾನ: ಒಂದು ವಿಚಾರ

ಸ್ತನವಿದ್ರಧಿಯು, ಎಂದರೆ ಸ್ತನದ ಕೀವುಗಡ್ಡೆಯು, ಪಕ್ವವಾದಾಗ ವೈದ್ಯನು ಹಾಲು ಹರಿಯುವ ನಾಡಿಗಳನ್ನೂ ಕಪ್ಪಾದ ಚೂಚುಕಪ್ರದೇಶವನ್ನೂ ಪರಿಹರಿಸಿಯೇ ಶಸ್ತ್ರವನ್ನು ಪ್ರಯೋಗಿಸತಕ್ಕದ್ದೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ವಿಧಿಸುತ್ತದೆ. ಕೀವು ತೆಗೆಯುವ ಅವಸರದಲ್ಲಿಯೂ ಮುಂದಣ ಕೂಸಿನ ಆಹಾರವನ್ನು ನೆನೆದ ಈ ವಿವೇಕವು, 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಕ್ರೋನಿನ್ ಮತ್ತು ಜೆರೋ ಎಂಬ ಶಸ್ತ್ರವೈದ್ಯರು ಸ್ತ್ರೀಯೊಬ್ಬಳ ಸ್ತನಗಳಲ್ಲಿ ಮೊದಲ ಬಾರಿಗೆ ಸಿಲಿಕೋನ್ ಚೀಲಗಳನ್ನಿರಿಸಿದಂದಿನಿಂದ ಬೆಳೆದುಬಂದ ಚಿಕಿತ್ಸೆಗೂ ಸಲ್ಲುವಂಥದು.

ಚೀಲವು ಕ್ಷೀರಗ್ರಂಥಿಯ ಹಿಂದೆ, ಅಥವಾ ಅದಕ್ಕೂ ಹಿಂದಿರುವ ಎದೆಯ ಸ್ನಾಯುವಿನಡಿಯಲ್ಲಿ ಕೂಡುವುದರಿಂದ, ಮುಖ್ಯವಾಗಿ ವಿಚಾರಿಸಬೇಕಾದುದು ಶಸ್ತ್ರವು ಹಾದುಹೋದ ದಾರಿಯನ್ನು. ಸ್ತನದ ಕೆಳಮಡಿಕೆಯಲ್ಲಿಯೋ ಕಂಕುಳಲ್ಲಿಯೋ ಕೊಯ್ದಿದ್ದರೆ ನಾಳಗಳು ಬಹುಮಟ್ಟಿಗೆ ಉಳಿಯುತ್ತವೆ; ಮೊಲೆತೊಟ್ಟಿನ ಸುತ್ತಣ ಕಪ್ಪುವಲಯದ ಅಂಚಿನಲ್ಲಿ ಕೊಯ್ದಿದ್ದರೆ ನಾಳಗಳೊಡನೆ, ನಾಲ್ಕನೆಯ ಪಕ್ಕೆಲುಬಿನ ಸಂದಿನಿಂದ ಬರುವ ನರದ ಕವಲುಗಳೂ ತುಂಡಾಗುವ ಭಯವುಂಟು. ಕೂಸು ಚೀಪಿದ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವಲ್ಲಿ ಆ ನರವೇ ಪ್ರಧಾನ. ಅದರಿಂದ ಪ್ರಚೋದಿತವಾದ ಗ್ರಂಥಿರಸಗಳಲ್ಲಿ ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಅದನ್ನು ಇಳಿಸುತ್ತದೆ. ಕೂಸಿನ ದರ್ಶನ, ಸ್ಪರ್ಶನ, ಸ್ಮರಣೆಗಳಿಂದ ಸ್ತನ್ಯವು ಪ್ರವರ್ತಿಸುವುದೆಂದು ಸುಶ್ರುತನು ನಿದಾನಸ್ಥಾನದಲ್ಲಿ ನುಡಿದುದು, ಗ್ರಂಥಿರಸಗಳ ಹೆಸರನ್ನೇ ಅರಿಯದ ಕಾಲದಲ್ಲಿ, ಎಂಥ ಸೂಕ್ಷ್ಮಾವಲೋಕನ! ಕೆಲವರಲ್ಲಿಯಾದರೋ ಗ್ರಂಥಿಯೇ ಮೊದಲಿನಿಂದ ಅಲ್ಪವಾಗಿದ್ದು, ಆ ಕೊರತೆಯೇ ಶಸ್ತ್ರಕ್ರಿಯೆಗೆ ಕಾರಣವಾಗಿರುತ್ತದೆ; ಅಂಥಲ್ಲಿ ಹಾಲಿನ ಕೊರತೆಗೆ ಚೀಲವೊಂದನ್ನೇ ದೂಷಿಸಲಾಗದು.

ಹಾಲಿನಲ್ಲಿ ವಿಷ ಬೆರೆಯುವುದೆಂಬ ಅಂಜಿಕೆಗೆ ಆಧಾರವು ದುರ್ಬಲ. 1998ರಲ್ಲಿ ಪ್ರಕಟವಾದ ಟೊರಾಂಟೋದ ಪರೀಕ್ಷೆಯಲ್ಲಿ ಚೀಲವುಳ್ಳ ತಾಯಂದಿರ ಹಾಲಿನಲ್ಲಿಯೂ ಇಲ್ಲದವರ ಹಾಲಿನಲ್ಲಿಯೂ ಸಿಲಿಕೋನಿನಲ್ಲಿರುವ ಸಿಲಿಕಾನ್ ಧಾತುವಿನ ಪ್ರಮಾಣವು ಹೆಚ್ಚುಕಡಮೆ ಸಮನಾಗಿದ್ದಿತು. ಹಸುವಿನ ಹಾಲಿನಲ್ಲಿ ಅದಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾಗಿದ್ದು, ಡಬ್ಬಿಯ ಹಾಲಿನಲ್ಲಿ ಇನ್ನೂ ಅಧಿಕವಾಗಿದ್ದಿತು.

ಬೆಂಗಳೂರಿನಲ್ಲಿ ಇಂಥ ಚಿಕಿತ್ಸೆ ಮಾಡಿಸಿಕೊಂಡ ಮಗಳು ಬಾಣಂತನಕ್ಕೆ ಚಿಕ್ಕನರಗುಂದದಂಥ ತವರೂರಿಗೆ ಬಂದಳೆನ್ನೋಣ. ಎರಡನೆಯ ದಿನ ಕೂಸು ಅತ್ತೊಡನೆ, "ಕೂಸಿಗೆ ಹಾಲು ಸಾಲವಲ್ದವಾ, ಮ್ಯಾಲಿನ ಹಾಲು ಹಾಕು" ಎಂದು ಹಿರಿಯರು ಹೇಳುತ್ತಾರೆ. ಯಾರಿಗೂ ತಿಳಿಸದ ಗಾಯದ ಗುರುತನ್ನು ನೆನೆದು ಬಾಣಂತಿಯು ಸುಮ್ಮನೆ ಒಪ್ಪುತ್ತಾಳೆ. ಈ ಮೌನವೇ ಚೀಲಕ್ಕಿಂತ ಹೆಚ್ಚು ಹಾನಿಕರವೆಂದು ನನ್ನ ದೃಢವಾದ ಅಭಿಪ್ರಾಯ. ಹೆರಿಗೆಗೆ ಮುನ್ನವೇ ವೈದ್ಯರಿಗೋ ದಾದಿಗೋ ತಿಳಿಸಿದ್ದರೆ, ಅವರು ಕೂಸನ್ನು ಮತ್ತೆ ಮತ್ತೆ ತೂಗಿ, ಐದನೆಯ ದಿನದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುವುದೇ, ಎರಡು ವಾರದಲ್ಲಿ ಹುಟ್ಟಿದಾಗಿನ ತೂಕವು ಮರಳಿತೇ ಎಂದು ನೋಡಿ, ಕೊರತೆ ಕಂಡಲ್ಲಿ ಮಾತ್ರ ಬೇಕಾದಷ್ಟು ಮೇಲಿನ ಹಾಲನ್ನು ಚಮಚದಿಂದ ಕೊಡಿಸುತ್ತ, ಎದೆಯಲ್ಲಿ ಬಂದಷ್ಟನ್ನು ತಪ್ಪದೆ ಕುಡಿಸುವ ಏರ್ಪಾಡನ್ನು ಮಾಡಬಲ್ಲರು.