ನಾರಣಪ್ಪ ಎಂಬ ನಾಮಧೇಯ

ಒಂದು ಜನಾಂಗದ ಚರಿತ್ರೆಯನ್ನು ತಿಳಿಯುವುದಕ್ಕೆ ಶಿಲಾಶಾಸನಗಳೂ ತಾಮ್ರಪಟಗಳೂ ಹೇಗೆ ಸಾಧನಗಳೋ, ಆ ಜನರು ತಮ್ಮ ಮಕ್ಕಳಿಗೆ ಇಡುತ್ತ ಬಂದ ಹೆಸರುಗಳೂ ಹಾಗೆಯೇ ಸಾಧನಗಳು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯು ನಮ್ಮ ನಾಡಿನಲ್ಲಿ ಮಾತ್ರವೇ ಇರುವುದಲ್ಲ. ದೂರದ ಉತ್ತರದ ನಾರ್ವೆ ದೇಶದಲ್ಲಿಯೂ ಅದು ಬಹುಕಾಲದಿಂದ ರೂಢವಾಗಿತ್ತು. ಅಲ್ಲಿನ ‘ಓಲಾವ್’ ಎಂಬ ಪುರಾತನ ನಾಮಕ್ಕೆ ‘ಪೂರ್ವಿಕರ ಸಂತತಿ’ ಎಂಬರ್ಥವನ್ನು ಹೇಳುತ್ತಾರೆ. 1905ರಲ್ಲಿ ಡೆನ್ಮಾರ್ಕಿನ ರಾಜಪುತ್ರನೊಬ್ಬನು ನಾರ್ವೆಗೆ ಅರಸನಾಗಿ ಬಂದಾಗ, ಅಲೆಕ್ಸಾಂಡರ್ ಎಂದಿದ್ದ ತನ್ನ ಮಗನ ಹೆಸರನ್ನು ಓಲಾವ್ ಎಂದು ಬದಲಿಸಿದನು. ನಾಡಿನ ಹಳೆಯ ಹೆಸರನ್ನು ಧರಿಸಿದಲ್ಲದೆ ನಾಡಿನವನಾಗುವುದು ಕಷ್ಟವೆಂಬ ಭಾವನೆಯು ಇದರಲ್ಲಿ ವ್ಯಕ್ತವಾಗುತ್ತದೆ. ಕನ್ನಡ ನಾಡಿಗೆ ಅಂತಹ ಹಳೆಯ ಹೆಸರು ಯಾವುದೆಂದು ವಿಚಾರಿಸಿದರೆ, ಮೊದಲು ನೆನಪಿಗೆ ಬರುವವುಗಳಲ್ಲಿ ‘ನಾರಣಪ್ಪ’ ಎಂಬುದೂ ಒಂದು.

ಈ ಹೆಸರಿನ ಮೂಲವು ಸಂಸ್ಕೃತದ ‘ನಾರಾಯಣ’ ಶಬ್ದ. ನಾರವೆಂದರೆ ನೀರು, ಅಯನವೆಂದರೆ ನೆಲೆ. ನೀರೇ ನೆಲೆಯಾಗಿ ಉಳ್ಳವನು ನಾರಾಯಣನು ಎಂಬುದು ಮನುಸ್ಮೃತಿಯಲ್ಲಿ ಕಾಣುವ ನಿರ್ವಚನ. ಕನ್ನಡಿಗರ ನಾಲಗೆಯಲ್ಲಿ ಈ ಶಬ್ದವು ಸವೆದು ‘ನಾರಣ’ ಎಂಬ ತದ್ಭವವಾಯಿತು. ಅದಕ್ಕೆ ‘ಅಪ್ಪ’ ಎಂಬ ಅಚ್ಚಗನ್ನಡದ ಮಾತು ಸೇರಿ ‘ನಾರಣಪ್ಪ’ನಾಯಿತು. ತಿಮ್ಮಪ್ಪ, ಸುಬ್ಬಪ್ಪ, ಮಂಜಪ್ಪ ಎಂಬಿವು ಇದೇ ರೀತಿಯವು. ದೇವರನ್ನು ತಂದೆಯೆಂದು ಕರೆಯುವ ಭಕ್ತಿಯೂ, ಆ ಹೆಸರನ್ನೇ ಹೊತ್ತ ಶಿಶುವನ್ನು ‘ಅಪ್ಪಾ’ ಎಂದು ಕರೆದು ಮುದ್ದಿಸುವ ವಾತ್ಸಲ್ಯವೂ ಇವುಗಳಲ್ಲಿ ಒಂದಾಗಿವೆ. ಕರಾವಳಿಯಲ್ಲಿ ಅದು ಇನ್ನಷ್ಟು ಮೊಟಕಾಗಿ ‘ನಾರ್ಣಪ್ಪ’ ಎಂದಾಯಿತು. ಗೌರವಕ್ಕಾಗಿ ‘ಅಯ್ಯ’ ಸೇರಿ ‘ನಾರ್ಣಪ್ಪಯ್ಯ’ ಎಂದೂ ಆಯಿತು. ಮರಣಕಾಲದಲ್ಲಿ ಮಗನನ್ನು ‘ನಾರಾಯಣಾ’ ಎಂದು ಕೂಗಿದ ಮಾತ್ರದಿಂದಲೇ ಯಮದೂತರಿಂದ ಬಿಡುಗಡೆ ಹೊಂದಿದ ಅಜಾಮಿಳನ ಕಥೆಯು ಭಾಗವತದ ಆರನೆಯ ಸ್ಕಂಧದಲ್ಲಿದೆಯಷ್ಟೆ. ಮಗನನ್ನು ಕರೆದಾಗಲೆಲ್ಲ ದೇವರನ್ನು ಕರೆದಂತಾಗಲಿ ಎಂಬ ಆಸೆಯಿಂದ ಎಷ್ಟೋ ತಾಯಿತಂದೆಗಳು ಈ ಹೆಸರನ್ನು ಆರಿಸಿಕೊಂಡರು.

ತುಳುನಾಡಿನಲ್ಲಿ ಈ ನಾಮದ ಸಂಸ್ಕೃತರೂಪವನ್ನು ಧರಿಸಿ ಪ್ರಖ್ಯಾತರಾದವರಲ್ಲಿ ನಾರಾಯಣ ಪಂಡಿತಾಚಾರ್ಯರನ್ನು ಮೊದಲು ಹೇಳಬೇಕು. ಶ್ರೀಮಧ್ವಾಚಾರ್ಯರ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಪುತ್ರರಾದ ಇವರು 16 ಸರ್ಗಗಳ ‘ಸುಮಧ್ವವಿಜಯ’ವನ್ನು ಬರೆದರು. ಆಚಾರ್ಯರ ಜೀವನವನ್ನು ತಿಳಿಯಲು ಅದೇ ಮುಖ್ಯವಾದ ಆಧಾರಗ್ರಂಥವಾಗಿದೆ.

ತದ್ಭವರೂಪವನ್ನು ಕನ್ನಡ ಸಾಹಿತ್ಯದಲ್ಲಿ ಅಮರಗೊಳಿಸಿದವನು ಗದುಗಿನ ನಾರಣಪ್ಪನು. ಧಾರವಾಡ ಸೀಮೆಯ ಕೋಳಿವಾಡದವನಾದ ಈತನು 15ನೆಯ ಶತಮಾನದ ಪೂರ್ವಾರ್ಧದಲ್ಲಿದ್ದನೆಂಬುದು ಹಲವು ವಿದ್ವಾಂಸರ ಮತ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾಮಿನೀ ಷಟ್ಪದಿಯಿಂದ ಮಹಾಭಾರತದ ಮೊದಲ 10 ಪರ್ವಗಳನ್ನು ಹಾಡಿದನು. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ (1509–1529) ತಿಮ್ಮಣ್ಣ ಕವಿಯು ಪೂರೈಸಿದನು. ಇಷ್ಟು ದೊಡ್ಡ ಕಾವ್ಯವನ್ನು ಬರೆದರೂ ನಾರಣಪ್ಪನು ಅದರ ಮೇಲೆ ತನ್ನ ಹೆಸರಿನ ಮುದ್ರೆಯನ್ನು ಒತ್ತಲಿಲ್ಲ. ಲೋಕಕ್ಕೆ ತಾನು ಕುಮಾರವ್ಯಾಸನೆಂದನು. ಅದೂ ಸಾಲದೆ, ನಿಜವಾದ ಕವಿಯು ವೀರನಾರಾಯಣನೇ, ತಾನು ಬರೆದುಕೊಂಡ ಲಿಪಿಕಾರ ಮಾತ್ರ ಎಂದು ವಿನಯವನ್ನು ತೋರಿದನು. ಹೆಸರನ್ನು ಕೊಟ್ಟ ದೇವರಿಗೇ ಕೃತಿಯನ್ನೂ ಹಿಂದಿರುಗಿಸಿದಂತಾಯಿತು.

ಈತನಿಗೆ ಸುಮಾರು ನಾಲ್ಕೂವರೆ ಶತಮಾನಗಳ ಬಳಿಕ ಅದೇ ಹೆಸರಿನ ಇನ್ನೊಬ್ಬ ಕವಿಯು ಕರಾವಳಿಯಲ್ಲಿ ಹುಟ್ಟಿದನು. ಕಟಪಾಡಿಯಿಂದ ಒಳನಾಡಿಗೆ ಹೋಗುವ ದಾರಿಯು ಮಲ್ಲಿಗೆಗೆ ಹೆಸರಾದ ಶಂಕರಪುರವನ್ನು ದಾಟಿ ಶಿರ್ವದ ಕಡೆಗೆ ಸಾಗುತ್ತದೆ. ಅಲ್ಲಿಂದಾಚೆಗೆ ಬೆಳ್ಮಣ್ಣಿನ ಬಳಿಯಲ್ಲಿ, ಕಾರ್ಕಳ ಸೀಮೆಗೆ ಸೇರಿದ ನಂದಳಿಕೆಯಿದೆ. ಶಂಕರಪುರದ ಹೂವು ತನ್ನ ಊರಿನ ಹೆಸರನ್ನು ದೂರದೂರದ ಪೇಟೆಗಳಿಗೆ ಒಯ್ದಿತು. ನಂದಳಿಕೆಯ ಕವಿಯಾದರೋ ತನ್ನ ಹೆಸರನ್ನೇ ಮರೆಮಾಡಿದನು. ಪಾಠಾಳಿ ತಿಮ್ಮಪ್ಪಯ್ಯ ಮತ್ತು ಮಹಾಲಕ್ಷ್ಮಿ ದಂಪತಿಗಳಿಗೆ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನೇ ಆ ಕವಿ. ಬಡತನದಿಂದ ವಿದ್ಯಾಭ್ಯಾಸವು ಮುಂದುವರಿಯಲಿಲ್ಲ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣವನ್ನು ಪಡೆದು ಬಂದು ಉಡುಪಿಯಲ್ಲಿ ಮಕ್ಕಳಿಗೆ ಕಸರತ್ತನ್ನು ಕಲಿಸುವ ಉಪಾಧ್ಯಾಯನಾದನು. ಹಗಲು ಆಟದ ಬಯಲಿನ ದುಡಿಮೆ. ಉಳಿದ ಹೊತ್ತು ಹಳಗನ್ನಡ ಕಾವ್ಯಗಳ ವ್ಯಾಸಂಗ.

‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಬಂಧಗಳನ್ನು ರಚಿಸಿದ ಬಳಿಕ ಆತನು ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಎಂಬ ಕೃತಿಗಳನ್ನು ಬರೆದನು. ಇವುಗಳನ್ನು ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಗೆ ಕಳುಹಿಸುವಾಗ ತಾನೇ ಕವಿಯೆಂದು ಹೇಳಿಕೊಳ್ಳಲಿಲ್ಲ. ಯಾವನೋ ಪ್ರಾಚೀನ ಕವಿಯ ಗ್ರಂಥವು ತನಗೆ ದೊರೆಯಿತೆಂಬಂತೆ ಕಳುಹಿಸಿದನು. ಗದ್ಯಕಾವ್ಯಗಳಿಗೆ ಮುದ್ದಣನು ಕರ್ತೃವಾದನು. ‘ಶ್ರೀರಾಮಪಟ್ಟಾಭಿಷೇಕ’ಕ್ಕೆ ತಾಯಿಯ ಹೆಸರಾದ ಮಹಾಲಕ್ಷ್ಮಿಯೇ ಕರ್ತೃವಾಯಿತು. ಭಾಷೆಯ ಪ್ರೌಢಿಮೆಯು ಹಾಗಿದ್ದುದರಿಂದ ವಿದ್ವಾಂಸರೂ ಅವನ್ನು ಹಳೆಯ ಕೃತಿಗಳೆಂದೇ ನಂಬಿದರು. ಕಸರತ್ತಿನ ಉಪಾಧ್ಯಾಯನ ಕಾವ್ಯವೆಂದರೆ ಯಾರು ಓದುವರೆಂಬ ಅಳುಕು ಇದಕ್ಕೆ ಕಾರಣವಾಗಿದ್ದಿರಬಹುದೆಂದು ಊಹಿಸುವುದು ಅಯುಕ್ತವಲ್ಲ. ಕುಮಾರವ್ಯಾಸನು ಹೆಸರನ್ನು ಬಿಟ್ಟುಕೊಟ್ಟುದು ಭಕ್ತಿಯಿಂದ; ಈತನು ಮರೆಮಾಡಿದುದು ಲೋಕದ ಉದಾಸೀನಕ್ಕೆ ಅಂಜಿ. ಎರಡಕ್ಕೂ ಇರುವ ಅಂತರವನ್ನು ಸಹೃದಯರು ಮರೆಯಲಾಗದು.

1901ನೆಯ ಫೆಬ್ರವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಲಕ್ಷ್ಮೀನಾರಣಪ್ಪನು ತೀರಿಕೊಂಡನು. ಮುದ್ದಣನೆಂದರೆ ಈತನೇ ಎಂಬುದು ವಿದ್ವಾಂಸರಲ್ಲಿ ಸ್ಥಿರಪಟ್ಟುದು ಅನಂತರದ ಮಾತು. ಮುದ್ದಣ ಮನೋರಮೆಯರ ಸರಸ ಸಲ್ಲಾಪವನ್ನು ಮುಂದೆ ಕನ್ನಡಿಗರು ಬಾಯಿಪಾಠ ಮಾಡಿ ಸವಿದರು. ಆ ಸಲ್ಲಾಪವನ್ನು ಬರೆದವನಾದರೋ ಒಂದು ಹೊಗಳಿಕೆಯನ್ನಾದರೂ ತನ್ನ ಸ್ವಂತ ಹೆಸರಿನಲ್ಲಿ ಕೇಳದೆ ಹೋದನು.

ಯಕ್ಷಗಾನ ರಂಗದಲ್ಲಿಯೂ ಈ ಹೆಸರು ಬೆಳಗಿತು. ಬಡಗುತಿಟ್ಟಿನ ಭಾಗವತರಾಗಿದ್ದ ನಾರ್ಣಪ್ಪ ಉಪ್ಪೂರರು ಕೋಟದ ಅಮೃತೇಶ್ವರೀ ಮೇಳದಲ್ಲಿ ಹಾಡಿ ಕೀರ್ತಿವಂತರಾದರು. 1990ರಲ್ಲಿ ಅಕಾಲದಲ್ಲಿ ಅಗಲಿದ ಕಾಳಿಂಗ ನಾವಡರು ಅವರಿಂದಲೇ ಕಲಿತವರು. ಹೀಗೆ ಒಬ್ಬ ನಾರಣಪ್ಪನು ಪ್ರಸಂಗಗಳನ್ನು ಬರೆದ ನಾಡಿನಲ್ಲಿ ಇನ್ನೊಬ್ಬ ನಾರ್ಣಪ್ಪನವರು ಆ ಕಲೆಯ ಕಂಠವಾದರು.

ಹೆಸರಿನ ಚರಿತ್ರೆಯು ಭಕ್ತಿ ವಿನಯಗಳಲ್ಲಿಯೇ ಮುಗಿಯುವುದಿಲ್ಲ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ದುರ್ವಾಸಪುರದ ಅಗ್ರಹಾರವನ್ನು ಕದಡಿದವನು ಒಬ್ಬ ನಾರಣಪ್ಪನೇ. ಆಚಾರವನ್ನೆಲ್ಲ ಧಿಕ್ಕರಿಸಿ ಬಾಳಿದ ಈತನು ಸತ್ತಾಗ, ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆಯೇ ಕಥೆಯ ಬೀಜ. 1970ರ ಚಲನಚಿತ್ರದಲ್ಲಿ ಪಿ. ಲಂಕೇಶರು ಈ ಪಾತ್ರವನ್ನು ಧರಿಸಿದರು. ದೇವರ ಹೆಸರನ್ನು ಹೊತ್ತವನ ದೇಹವೇ ಅಗ್ರಹಾರಕ್ಕೆ ಅಸ್ಪೃಶ್ಯವಾಗುವುದು, ಹೆಸರನ್ನು ಉಚ್ಚರಿಸಿದರೆ ಸಾಕೆಂಬ ಅಜಾಮಿಳನ ಕಥೆಗೆ ಎದುರಾಗಿ ನಿಂತ ಪ್ರಶ್ನೆಯಂತಿದೆ.

ಈಗ ‘ಅಪ್ಪ’ನಿಂದ ಕೊನೆಗೊಳ್ಳುವ ಹೆಸರುಗಳನ್ನು ತೊಟ್ಟಿಲಲ್ಲಿ ಕೂಗುವುದು ವಿರಳವಾಗುತ್ತಿದೆ. ಕಿವಿಗೆ ಹೊಸತಾಗಿರುವ ಹೆಸರನ್ನು ಬಯಸುವುದು ತಪ್ಪೆಂದು ಹೇಳುವಂತಿಲ್ಲ. ಕಾಲವು ನಾರಾಯಣನನ್ನು ನಾರಣನನ್ನಾಗಿಯೂ ನಾರಣಪ್ಪನನ್ನು ನಾರ್ಣಪ್ಪನನ್ನಾಗಿಯೂ ಮಾಡಿತಷ್ಟೆ. ಆದರೆ ಮನೆಯ ಹಿರಿಯರ ಹೆಸರು ಹಳತೆಂದು ನಾಚುವ ಹುಡುಗನಿಗೆ, ಗದುಗಿನ ಭಾರತವನ್ನೂ ನಂದಳಿಕೆಯ ರಾಮಾಶ್ವಮೇಧವನ್ನೂ ಬರೆದ ಕೈಗಳು ಆ ಹೆಸರಿನವೇ ಎಂಬುದನ್ನು ತಿಳಿಸಬೇಕಾದುದು ಹಿರಿಯರ ಕರ್ತವ್ಯ. ಆ ಇಬ್ಬರು ಕವಿಗಳೂ ಹೇಳಿಕೊಳ್ಳದೆ ಬಿಟ್ಟ ಹೆಸರನ್ನು ಓದುವವರಾದರೂ ಹೇಳಿದರೆ ಋಣವು ಸ್ವಲ್ಪಮಟ್ಟಿಗೆ ತೀರೀತು.