ಗೋಡೆಯ ಚಿತ್ರವೂ ಹಂಪೆಯ ಬಯಲೂ

ಮನೆಯ ಗೋಡೆಗೆಂದು ಮರುಭೂಮಿಯ ಚಿತ್ರವನ್ನು ಆರಿಸುವವರು ಎಮ್ಮಿಗನೂರಿನಂತಹ ಊರಿನಲ್ಲಿಯೂ ಉಂಟು. ಐರೋಪ್ಯರು ‘ಪೌರಸ್ತ್ಯ’ವೆಂದು ಹೆಸರಿಟ್ಟ ಇಂತಹ ದೃಶ್ಯಗಳಲ್ಲಿ, ಗುಸ್ತಾವ್ ಗಿಯೋಮೆ ಎಂಬ ಫ್ರೆಂಚ್ ಚಿತ್ರಕಾರನು 1867ರಲ್ಲಿ ಬರೆದ ‘ಸಹಾರಾ’ ಪ್ರಸಿದ್ಧವಾದುದು. ಮುಂಭಾಗದಲ್ಲಿ ಒಂಟೆಯ ಅಸ್ಥಿಪಂಜರ. ದೂರದಲ್ಲಿ ಮರೀಚಿಕೆಯಂತೆ ಒಂದು ಸಾರ್ಥ. ಉಳಿದುದೆಲ್ಲ ಬಯಲು, ಬೆಳಕು. ಚಿತ್ರವು ಸೊಗಸಾದುದೇ ಸರಿ. ಆದರೆ ಪೂರ್ವದೇಶವೆಂದರೆ ನಿರ್ಜನವೆಂದು ಬಗೆಯುವ ಅಭ್ಯಾಸವು ಇಂತಹವುಗಳಿಂದ ನಮ್ಮ ಕಣ್ಣಿಗೂ ಹತ್ತಿತು.

ನಮ್ಮ ಹಂಪೆಯನ್ನೇ ನೋಡೋಣ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಸವರಿದ ಕಾಗದದ ಮೇಲೆ ಅಲ್ಲಿನ ದೊಡ್ಡ ಛಾಯಾಚಿತ್ರಗಳನ್ನು ತೆಗೆದನು. ಕಂಬ, ಗೋಪುರ, ಬಂಡೆಗಳು ಅಚ್ಚೊತ್ತಿದಂತಿವೆ, ಮನುಷ್ಯರು ವಿರಳ. ಆ ಕಾಗದವು ಬೆಳಕನ್ನು ಹಿಡಿಯಲು ಬಹಳ ಹೊತ್ತು ಬೇಕಾಗುತ್ತಿತ್ತು. ಕದಲದೆ ನಿಂತವರು ಮಾತ್ರ ಅದರಲ್ಲಿ ಉಳಿಯುತ್ತಿದ್ದರು. ನಡೆದಾಡುವವರು ಮೂಡುತ್ತಲೇ ಇರಲಿಲ್ಲ. ಉಪಕರಣದ ಈ ಕೊರತೆಯನ್ನು ಊರಿನ ಶೂನ್ಯತೆಯೆಂದು ಓದಿಕೊಳ್ಳುವುದು ಎಷ್ಟು ಸುಲಭ!

1565ರ ಬಳಿಕ ರಾಜಧಾನಿಯು ಹಾಳಾಯಿತು, ನಿಜ. ಆದರೆ ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆಯುಂಟು. ಅರಸರ ಕಾಲದ ತುರ್ತು ಕಾಲುವೆಯು ಮುರಿದ ಗೋಡೆಗಳ ನಡುವೆಯೇ ಹರಿದು ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿದೆ. ಕಂಪ್ಲಿಯ ಗದ್ದೆಗಳಿಗೂ ಅಂತಹದೇ ಹಳೆಯ ಕಾಲುವೆಯ ಋಣವುಂಟು. ಮರಳುಗಾಡಿನ ಕಣ್ಣಿನಿಂದ ನೋಡುವವನಿಗೆ ಈ ಹಸುರು ಕಾಣುವುದು ಹೇಗೆ?

ಸಹಾರಾದ ಚಿತ್ರವು ಬೇಡವೆಂದು ನಾವು ಹೇಳೆವು. ಬಣ್ಣವು ಮನಸ್ಸಿಗೆ ಒಪ್ಪಿದರೆ ಕೊಳ್ಳಲಿ. ಅದರ ಪಕ್ಕದಲ್ಲಿ ಗ್ರೀನ್‌ಲಾನ ಹಂಪೆಯ ಪ್ರತಿಯೊಂದನ್ನೂ ತೂಗಹಾಕಲಿ. ಜನರೆಲ್ಲಿ ಎಂದು ಮಕ್ಕಳು ಕೇಳಿದರೆ, ಅವರು ನಡೆಯುತ್ತಿದ್ದರೆಂದು ಹೇಳಬಹುದು.