ಮನೆಯೇ ಶಿಶುವಿಹಾರ: ಅಲ್ಪವೆಚ್ಚದ ಶಾಲಾಪೂರ್ವ ಪಾಠಕ್ರಮದ ಯೋಜನೆ

ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿಯೇ ಪೂರ್ವಶಿಕ್ಷಣ ನೀಡಬಯಸುವ ಪೋಷಕರು ಮೂರು ಬಗೆಯವರು. ಶಿಶುವಿಹಾರದ ಶುಲ್ಕ ಭರಿಸಲಾಗದವರು ಕೆಲವರು. ಸಮೀಪದಲ್ಲಿ ಒಳ್ಳೆಯ ಕೇಂದ್ರವಿಲ್ಲದವರು ಕೆಲವರು. ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲು ಕೊಟ್ಟು ಪುಟ ತುಂಬಿಸುವ ಪದ್ಧತಿಯನ್ನು ಒಪ್ಪದವರು ಮತ್ತೆ ಕೆಲವರು. ಇವರಲ್ಲಿ ಅನೇಕರು ಸಿದ್ಧ ಸಾಮಗ್ರಿಯ ಪೆಟ್ಟಿಗೆಗೆ ದುಬಾರಿ ಬೆಲೆ ತೆತ್ತು, ಎರಡು ತಿಂಗಳಲ್ಲಿ ಅದನ್ನು ಅಟ್ಟಕ್ಕೇರಿಸುವುದುಂಟು. ಈ ವಯಸ್ಸಿನ ಪಾಠಕ್ರಮಕ್ಕೆ ಬೇಕಾದ ಮುಖ್ಯ ಬಂಡವಾಳವೆಂದರೆ ಹಿರಿಯರ ನಿಯಮಿತ ಸಮಯ ಮತ್ತು ಮಾತು. ಉಳಿದುದು ಬಹುಪಾಲು ಮನೆಯಲ್ಲಿಯೇ ಇರುತ್ತದೆ.

ಕಾನೂನು ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅದಕ್ಕೂ ಕಿರಿಯ ಮಕ್ಕಳನ್ನು ಶಿಶುವಿಹಾರಕ್ಕೆ ಕಳುಹಿಸಲೇಬೇಕೆಂಬ ನಿಯಮ ಆ ಕಾಯ್ದೆಯಲ್ಲಿಲ್ಲ. ಮನೆಯಲ್ಲಿ ಕಲಿತ ಮಗುವಿಗೆ ಒಂದನೆಯ ತರಗತಿಯ ಪ್ರವೇಶದಲ್ಲಿ ತೊಡಕಾದೀತೆಂಬ ಅಂಜಿಕೆ ಸಾಮಾನ್ಯ. ಆದರೆ ಅದೇ ಕಾಯ್ದೆಯ 13ನೆಯ ಕಲಮು, ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಸೋಸುವ ಪರೀಕ್ಷೆಗೆ ಒಳಪಡಿಸುವುದನ್ನು ನಿಷೇಧಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಅವಧಿಯನ್ನು ‘ಬುನಾದಿ ಹಂತ’ವೆಂದು ಕರೆದು, ಆಟವೇ ಅಲ್ಲಿನ ಕಲಿಕೆಯ ಮಾರ್ಗವೆಂದು ಹೇಳಿದೆ.

ಕಲಿಕೆಯ ಐದು ಕ್ಷೇತ್ರಗಳು

ಯೋಜನೆಗೆ ಕುಳಿತಾಗ ಮೊದಲು ಒಂದು ಹಾಳೆಯಲ್ಲಿ ಐದು ಕಲಮುಗಳನ್ನು ಬರೆದುಕೊಳ್ಳಬೇಕು: ಶರೀರ, ಭಾವನೆ ಹಾಗೂ ನಡವಳಿಕೆ, ಬುದ್ಧಿ, ಭಾಷೆ, ಕಲೆ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಹೆಚ್ಚುಕಡಿಮೆ ಈ ವಿಂಗಡಣೆಯನ್ನೇ ಅನುಸರಿಸುತ್ತದೆ. ವಾರದ ಕೊನೆಯಲ್ಲಿ ಯಾವ ಕಲಮು ಖಾಲಿ ಉಳಿಯಿತೆಂದು ನೋಡಿದರೆ ಮುಂದಿನ ವಾರದ ದಾರಿ ತಾನಾಗಿಯೇ ತಿಳಿಯುತ್ತದೆ.

ದಿನಚರಿ

ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಎರಡೂವರೆ ಗಂಟೆಯ ಕಾರ್ಯಕ್ರಮ ಸಾಕು. ಒಂದು ಮಾದರಿ ಹೀಗಿದೆ:

9.30 – ಹಾಡು, ಮಾತುಕತೆ, ವಾರದ ಹೆಸರು ಹೇಳುವುದು
10.00 – ಕೈಗೆಲಸ ಅಥವಾ ಎಣಿಕೆ
10.30 – ತಿಂಡಿ, ಕೈ ತೊಳೆಯುವುದು, ತಟ್ಟೆ ಎತ್ತಿಡುವುದು
11.00 – ಹೊರಗಿನ ಆಟ
11.40 – ಕಥೆ
12.00 – ಮುಕ್ತಾಯ

ದುಡಿಯುವ ಪೋಷಕರು ಇದೇ ಕ್ರಮವನ್ನು ಸಂಜೆಗೆ ಬದಲಿಸಿಕೊಳ್ಳಬಹುದು, ಅಜ್ಜ-ಅಜ್ಜಿಯರಿಗೆ ಕಥೆಯ ಭಾಗವನ್ನು ವಹಿಸಬಹುದು. ವೇಳೆ ಬದಲಾದರೂ ಚಿಂತೆಯಿಲ್ಲ, ಕ್ರಮ ಬದಲಾಗಬಾರದು. ಮುಂದೆ ಏನು ಬರುತ್ತದೆಂದು ತಿಳಿದ ಮಗು ಹಟ ಮಾಡುವುದು ಕಡಿಮೆ. ದಿನದ ಉಳಿದ ಭಾಗದಲ್ಲಿಯೂ ಓಡಾಟಕ್ಕೆ ಅವಕಾಶವಿರಬೇಕು. 3-4 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದೂ, ಕುಳಿತು ಪರದೆ ನೋಡುವ ಕಾಲ ಒಂದು ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ವಾರಕ್ಕೊಂದು ವಿಷಯ

ಪ್ರತಿದಿನ ಹೊಸ ಪಾಠ ಹುಡುಕುವ ಬದಲು ವಾರಕ್ಕೊಂದು ವಿಷಯ ಆರಿಸಿಕೊಳ್ಳುವುದು ಸುಲಭ. ಉದಾಹರಣೆಗೆ ‘ನೀರು’. ಸೋಮವಾರ ಬಕೆಟ್ಟಿನಲ್ಲಿ ಎಲೆ, ಕಲ್ಲು, ಚಮಚ, ತೆಂಗಿನ ಚಿಪ್ಪುಗಳನ್ನು ಹಾಕಿ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಮೊದಲು ಊಹಿಸಿ ನಂತರ ನೋಡುವುದು. ಮಂಗಳವಾರ ಪಾತ್ರೆ ತುಂಬಲು ಎಷ್ಟು ಲೋಟ ನೀರು ಬೇಕೆಂದು ಎಣಿಸುವುದು. ಬುಧವಾರ ಎರಡು ಒದ್ದೆ ಕರವಸ್ತ್ರಗಳನ್ನು ಬಿಸಿಲಿನಲ್ಲೊಂದು, ನೆರಳಿನಲ್ಲೊಂದು ಹರವಿ ಯಾವುದು ಬೇಗ ಒಣಗುತ್ತದೆಂದು ಕಾಯುವುದು. ಗುರುವಾರ ಗಿಡಗಳಿಗೆ ನೀರುಣಿಸುವುದು. ಶುಕ್ರವಾರ ಮಳೆಯ ಚಿತ್ರ ಬರೆದು ಅದರ ಕಥೆಯನ್ನು ಮಗುವೇ ಹೇಳುವುದು. ಇಷ್ಟರಲ್ಲಿ ಐದೂ ಕ್ಷೇತ್ರಗಳು ಬಂದುಹೋದವು. ಮನೆ, ತರಕಾರಿ, ಹಕ್ಕಿ, ಸಂತೆ, ಹಬ್ಬ ಎಂದು ಇದೇ ರೀತಿ ಮುಂದುವರಿಸಬಹುದು.

ಸಾಮಗ್ರಿಗಳು

ಕೊಳ್ಳಬೇಕಾದವು ಕೆಲವೇ: ಸ್ಲೇಟು, ಬಳಪ, ಬಣ್ಣದ ಕಡ್ಡಿಗಳು, ಮೊಂಡು ತುದಿಯ ಕತ್ತರಿ, ಒಂದು ಚೆಂಡು. ಚಿತ್ರಕ್ಕೆ ಒಂದು ಬದಿ ಖಾಲಿಯಿರುವ ಹಳೆಯ ಹಾಳೆಗಳು ಸಾಕು. ಬೆರಳುಗಳ ಬಲಕ್ಕೆ ಚಪಾತಿ ಹಿಟ್ಟಿನ ಮುದ್ದೆ, ಬಟಾಣಿ ಬಿಡಿಸುವ ಕೆಲಸ, ಬಟ್ಟೆಯ ಗುಂಡಿ ಹಾಕುವ ಅಭ್ಯಾಸ ಇವೆ. ವಿಂಗಡಣೆ ಕಲಿಯಲು ಮೊರದಲ್ಲಿ ಬೆರೆಸಿದ ಕಾಳುಗಳು, ಅಳತೆಗೆ ಪಾವು-ಸೇರುಗಳು, ಎಣಿಕೆಗೆ ಹದಿನಾಲ್ಕು ಗುಳಿಗಳ ಚನ್ನೆಮಣೆ ಒದಗುತ್ತವೆ. ರಂಗೋಲಿಯ ಚುಕ್ಕಿ ಸೇರಿಸುವುದು ಬರವಣಿಗೆಗೆ ಉತ್ತಮ ಪೂರ್ವಾಭ್ಯಾಸ.

ಕಥೆಪುಸ್ತಕಗಳಿಗೆ ಸಾರ್ವಜನಿಕ ಗ್ರಂಥಾಲಯವಿದೆ. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. ಹಾಡುಗಳಿಗಂತೂ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳ ಭಂಡಾರವೇ ಇದೆ.

ಅಕ್ಷರ ಯಾವಾಗ?

ಬಹುತೇಕ ಪೋಷಕರು ಆತುರಪಡುವುದು ಇಲ್ಲಿಯೇ. ಕೇಳುವುದು, ಮಾತನಾಡುವುದು ಮೊದಲು. ಓದು, ಬರಹ ನಂತರ. ಮೂರನೆಯ ವರ್ಷದಲ್ಲಿ ಪ್ರಾಸದ ಆಟ, ಒಂದೇ ಧ್ವನಿಯಿಂದ ಆರಂಭವಾಗುವ ಪದಗಳ ಆಟ ಸಾಕು. ಐದರ ಹೊತ್ತಿಗೆ ಅಕ್ಷರ ಆರಂಭಿಸುವಾಗಲೂ ವರ್ಣಮಾಲೆಯನ್ನು ಮೊದಲಿನಿಂದ ಕಂಠಪಾಠ ಮಾಡಿಸಬೇಕಾಗಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ತಾನೇ ಓದಬಲ್ಲದು. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಿನಿಂದ ಬರೆಸುವ ವಾಡಿಕೆಯನ್ನು ದಿನವೂ ಮುಂದುವರಿಸಬಹುದು. ತಟ್ಟೆಯಲ್ಲಿ ಹರಡಿದ ರವೆ ಅಥವಾ ಮರಳು ಸಾಕು. ಕೈ ಪಳಗಿದ ಮೇಲೆ ಪೆನ್ಸಿಲು.

ದಾಖಲೆ

ಪರೀಕ್ಷೆ, ಅಂಕಗಳ ಅಗತ್ಯವಿಲ್ಲ. ವಾರಕ್ಕೊಮ್ಮೆ ದಿನಾಂಕ ಹಾಕಿ ಎರಡು ಸಾಲು ಬರೆದಿಟ್ಟರೆ ಸಾಕು: ಮಗು ಹೊಸದಾಗಿ ಏನು ಮಾಡಿತು, ಎಲ್ಲಿ ತಡವರಿಸಿತು. ತಿಂಗಳಿಗೊಂದು ಚಿತ್ರವನ್ನು ಕಾದಿಡಬೇಕು. ಮಾತು, ಶ್ರವಣ, ನೋಟ ಅಥವಾ ನಡಿಗೆಯಲ್ಲಿ ಹಿನ್ನಡೆ ಕಂಡರೆ ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಕಲಿಯುವ ಮಗುವನ್ನು ಗಮನಿಸಲು ಬೇರೆ ಶಿಕ್ಷಕರಿಲ್ಲ ಎಂಬುದನ್ನು ಮರೆಯಬಾರದು.

ಎಚ್ಚರಿಕೆಗಳು

ಕಾಳು, ಹುಣಸೆಬೀಜ, ಗುಂಡಿಗಳನ್ನು ಮಕ್ಕಳು ಮೂಗು-ಕಿವಿಗೆ ತುರುಕಿಕೊಳ್ಳುವ, ನುಂಗುವ ಅಪಾಯವಿದೆ. ಹಿರಿಯರು ಎದುರಿಗಿದ್ದಾಗ ಮಾತ್ರ ಅವನ್ನು ಕೊಡಬೇಕು. ಗುಲಗಂಜಿ ವಿಷಕಾರಿ, ಅದನ್ನು ಆಟಕ್ಕೆ ಬಳಸಲೇಬಾರದು. ನೀರಿನ ಬಕೆಟ್ಟಿನ ಬಳಿ ಮಗುವನ್ನು ಕ್ಷಣಕಾಲವೂ ಒಂಟಿಯಾಗಿ ಬಿಡಬಾರದು.

ಮನೆಯ ಶಿಕ್ಷಣದ ನಿಜವಾದ ಕೊರತೆ ಓರಗೆಯವರ ಒಡನಾಟ. ಸರದಿ ಕಾಯುವುದು, ಸೋಲುವುದು, ಜಗಳವಾಡಿ ಮತ್ತೆ ಒಂದಾಗುವುದು ಒಂಟಿ ಮಗುವಿಗೆ ಪಾಠದಿಂದ ಬರುವುದಿಲ್ಲ. ನೆರೆಯ ಮೂರು-ನಾಲ್ಕು ಮನೆಗಳವರು ಸೇರಿ ವಾರಕ್ಕೆರಡು ದಿನ ಸರದಿಯಂತೆ ಮಕ್ಕಳನ್ನು ಒಟ್ಟುಗೂಡಿಸಬಹುದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಪೂರ್ವಶಿಕ್ಷಣ ಉಚಿತ. ಮನೆಯ ಪಾಠದೊಂದಿಗೆ ಅಲ್ಲಿಗೂ ಕಳುಹಿಸಿದರೆ ಒಡನಾಟದ ಜೊತೆಗೆ ಪೌಷ್ಟಿಕ ಆಹಾರ, ಆರೋಗ್ಯ ತಪಾಸಣೆಗಳ ಪ್ರಯೋಜನವೂ ದೊರೆಯುತ್ತದೆ. ದುಬಾರಿ ಪೆಟ್ಟಿಗೆಯಿಂದ ದೊರೆಯದ ಒಡನಾಡಿಗಳು ಮಗುವಿಗೆ ಅಲ್ಲಿ ಸಿಗುತ್ತಾರೆ.